ಎರಡು ಕೆನ್ನೆಗಳು

ಗಂಡ ಅಜೀತನ ದಿನಕರ್ಮ ಮುಗಿದ ಮರುದಿನ ಬೆಳಿಗ್ಗೆ ಮಯೂರಿ ಬಸವಕಲ್ಯಾಣದಲ್ಲಿ ಹುಮನಾಬಾದ ಬಸ್ಸು ಹತ್ತಿದಳು. ಅವನು ತನ್ನ ಆಫೀಸಿನ ಮಂದಾಕಿನಿಯಿಂದ ತಂದಿದ್ದ ಛತ್ರಿಯನ್ನು ಹಿಂತಿರುಗಿಸಬೇಕಿತ್ತು. ಅವರಿಬ್ಬರ ನಡುವೆ ಏನಾದರೂ ಇತ್ತೇ ಎಂದು ಮಂದಾಕಿನಿಯ ಮುಖ ನೋಡಿ ತಿಳಿಯಬೇಕಿತ್ತು.

ಮುಂದಿನ ಸೀಟಿನಲ್ಲಿ ಯಾರೋ ಅತ್ತಿಗೆ, ನಾದಿನಿ ಮೊಬೈಲಿನಲ್ಲಿ ಯಾರದೋ ಮದುವೆಯ ಫೋಟೋ ನೋಡುತ್ತಿದ್ದರು.

"ನಿಮ್ಮಣ್ಣ ಬಾಜೂಕ ನಿಂತಾಕಿನ್ನ ನೋಡಿ ಹ್ಯಾಂಗ ನಗಾಕತ್ತಾನ ನೋಡು."

"ಎಲ್ಲಿ ನಗಾಕತ್ತಾನ್ರಿ ವೈನಿ? ಮಾರಿ ಗಂಟ ಹಾಕ್ಕೊಂಡಾನ."

"ಎಡಕಿನ ತುಟಿ ನೋಡು. ನೀ ಎಡಚಿ, ನಿನಗ ಬಲಗಡೀದೇ ಕಾಣ್ತದ."

ನಾದಿನಿ ಎಡಗೈಯಿಂದ ಫೋಟೋವನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿದಳು.

"ಈಗ ಹೇಳ್ರಿ."

"ಈಗ ಸಿಟ್ಟಿನ್ಯಾಗ ಇದ್ದಂಗ ಕಾಣ್ತಾನ."

"ನನಗ ಈಗ ನಗಾಕತ್ತಾನ. ಮಾರಿ ಅದೇ ಅದರಿ."

"ಹಾಂಗಾದ್ರ ಸಿಟ್ಟಿನ ಅರ್ಧ ನನಗ, ನಗೀ ಅರ್ಧ ಅಕಿಗಿ."

"ಸಂಜಿಗಿ ಮನಿಗಿ ಬರ್ತಾನಲ್ರಿ, ಅವನಿಗೇ ಕೇಳ್ರಿ."

ಮಯೂರಿಗೆ ಆ ಅತ್ತಿಗೆಯ ಮೇಲೆ ಹೊಟ್ಟೆಕಿಚ್ಚಾಯಿತು. ಹುಮನಾಬಾದದಲ್ಲಿ ಇಬ್ಬರೂ ಜಗಳಾಡುತ್ತಲೇ ಇಳಿದು ಹೋದರು.

ಮಂದಾಕಿನಿ ಬಾಗಿಲು ತೆರೆದಳು. ಮಯೂರಿ ಅವಳ ಎಡಗೆನ್ನೆ ನೋಡಿದಳು, ಬಲಗೆನ್ನೆ ನೋಡಿದಳು. ಎರಡೂ ಅತ್ತು ಊದಿದ್ದವು. ಮಯೂರಿಗೆ ಇನ್ನೂ ಅಳು ಬಂದಿರಲಿಲ್ಲ. ಅವಳು ಛತ್ರಿಯನ್ನು ಮುಂದೆ ಹಿಡಿದಳು.