ಇವತ್ತೊಂದು ದಿನ ಅಮ್ಮ

ಅಯ್ಯೋ, 'ಅಮ್ಮ' ಅಂದ್ರೆ ಏನೀಗ? ಮದುವೆಯಾದಾಗಿಂದ ಆ ಇನ್ನೊಂದು ಥರ ಕರೀತಿದ್ದೆ, ಒಪ್ಕೊಂಡೆ. ಇವತ್ತು ಝೂ ಗೇಟು ದಾಟಿದಾಗಿಂದ ಅಮ್ಮ ಅಂತಿದ್ದೀನಿ. ಸೊಸೆಗೆ ಪ್ರೀತಿ ಉಕ್ಕಬಾರದಾ? ಹಾಗೆ ಅನುಮಾನದಿಂದ ನೋಡಬೇಡಿ... ಬನ್ನಿ, ಈ ಕಂಬಿ ಹಿಡ್ಕೊಳ್ಳಿ. ಪಾಚಿ ಇದೆ, ಹುಷಾರು.

ಇವೇ ನನ್ನ ಫ್ಲೆಮಿಂಗೊಗಳು!... ವಾಸನೆನಾ? ಎಲ್ಲಿ?... ಹೂಂ, ಸ್ವಲ್ಪ ಬರುತ್ತೆ. ಸಿಗಡಿ ಪುಡಿ ಅದು. ಅದನ್ನ ತಿಂದೇ ಇವಕ್ಕೆ ಈ ಗುಲಾಬಿ ಬಣ್ಣ. ತಿನ್ನೋದು ಬಿಟ್ರೆ ಬಿಳಚಿಕೊಳ್ತವೆ. ಮೇಕಪ್ಪೆಲ್ಲ ಹೊಟ್ಟೆಯಿಂದಾನೇ!... ನಗಿ, ನಗಿ. ನೀವು ನಕ್ಕರೆ ನನಗೂ ಧೈರ್ಯ. 'ಅದೇನು ಕೆಲಸವೋ ಕಣ್ಣಾರೆ ನೋಡ್ತೀನಿ, ಆಮೇಲೆ ಹೇಳ್ತೀನಿ' ಅಂದುಬಿಟ್ರಲ್ಲ, ನನಗೆ ನಿದ್ದೇನೇ ಇಲ್ಲ. ಮೊಟ್ಟೆ ಒಡೆಯೋ ಕಾಲ ಇದು ಅಮ್ಮ, ಬೆಳಕು ಹರಿಯೋ ಮುಂಚೆ ನಾನಿಲ್ಲಿರಬೇಕು. ಪಾಪುನ ನೀವು ನೋಡ್ಕೊಂಡ್ರೆ ಈ ಕೆಲಸ ಉಳಿಯುತ್ತೆ, ಇಲ್ಲಾಂದ್ರೆ... ಇರಲಿ, ಮೊದಲು ಪರಿಚಯ ಮಾಡಿಸ್ತೀನಿ.

ಎಲ್ಲಾ ಒಂದೇ ಥರ ಕಾಣ್ತವಾ? ನನಗೂ ಮೊದಮೊದಲು ಹಾಗೇ ಆಗ್ತಿತ್ತು. ಗುರುತಿಗೆ ಅಂತ ನಮ್ಮ ಮನೆಯವರನ್ನೇ ಹಂಚಿಬಿಟ್ಟೆ! ಅಗೋ, ಒಂಟಿ ಕಾಲಲ್ಲಿ ತೂಕಡಿಸ್ತಾ ಇದೆಯಲ್ಲ, ಅದು ನಿಮ್ಮ ಮಗ... ಹೌದಲ್ವಾ? ಯಾರು ಏನಂದ್ರೂ ತಲೆ ರೆಕ್ಕೆ ಒಳಗೆ! ನೀರಲ್ಲಿ ತನ್ನ ಮುಖ ತಾನೇ ನೋಡ್ಕೊಳ್ತಿರೋದು ನಿಮ್ಮ ಮಗಳು... ಮುನಿಸ್ಕೋಬೇಡಿ, ಚೆನ್ನಾಗಿದ್ದಾಳಲ್ಲ! ಎಲ್ಲರೂ ಎಡಕ್ಕೆ ಹೋದ್ರೆ ಬಲಕ್ಕೆ ಹೋಗಿ, ಆಮೇಲೆ ಗಾಬರಿಯಿಂದ ಓಡಿ ಬರ್ತಿದೆಯಲ್ಲ, ಮಾವ. ಬಕೆಟ್ ಒಳಗೆ ಕತ್ತು ತೂರಿಸಿರೋದಾ?... ನಾನು. ಬಿಡಿ.

ಯಾವುದು? ಮುಂದೆ ಕತ್ತು ನೆಟ್ಟಗೆ ಮಾಡ್ಕೊಂಡು ನಿಂತಿರೋದಾ?... ಅದಕ್ಕೆ... ಅದಕ್ಕೆ ಹೆಸರಿಲ್ಲ. ಸುಮ್ನೆ ಒಂದು ಹಕ್ಕಿ. ಹೂಂ, ಗತ್ತು ಜಾಸ್ತಿ. ಊಟ ಮೊದಲು ಅದು ರುಚಿ ನೋಡಬೇಕು. ಸರಿಯಿಲ್ಲ ಅನ್ನಿಸಿದ್ರೆ ತಟ್ಟೇಲಿ ಕಾಲಿಟ್ಟು ಹೊರಟುಹೋಗುತ್ತೆ, ಉಳಿದವೂ ಮುಟ್ಟಲ್ಲ. ನಾನು ಗುಡಿಸಿದ ಜಾಗಾನ ಹಿಂದಿಂದೇ ಬಂದು ಕೆದಕಿ ನೋಡುತ್ತೆ... ಏನಂದ್ರಿ? 'ಅಚ್ಚುಕಟ್ಟಾದ ಹಕ್ಕಿ'ನಾ? ನಿಮಗೆ ಇಷ್ಟ ಆಗುತ್ತೆ ಅಂತ ಗೊತ್ತಿತ್ತು, ಗೊತ್ತಿತ್ತು!

ಲೋ, ಕೂಗಬೇಡ್ವೋ ಅಲ್ಲಿಂದ!... ಹುಳದ ಮಾತ್ರೆ ತಾನೇ? ಹಾಕಿದೀನಿ!... ಇಲ್ಲ, ಇವತ್ತು ಕಚ್ಚಿಲ್ಲ, ಹೋಗು ನೀನು!... ನನ್ನ ಜೊತೆ ಕೆಲಸ ಮಾಡೋನು ಅಮ್ಮ, ಬಾಯಿಬಡುಕ. ಯಾರಿಗೆ ಮಾತ್ರೆ ಅಂದ್ರಾ? ಅವನ ಹೆಂಡ್ತಿ ತಾಯಿಗೆ... ಕಚ್ಚೋದಾ? ಅದು... ಕೆಲವರಿಗೆ ವಯಸ್ಸಾದ್ಮೇಲೆ ಹಾಗೆ. ಆ ಹಕ್ಕಿ ಯಾಕೆ ತಿರುಗಿ ನೋಡ್ತು ಅಂತಾನಾ? ಗಾಳಿ ಬೀಸ್ತಲ್ಲ! ನಡೀರಿ, ನಡೀರಿ, ಜಿರಾಫೆ ನೋಡೋಣ... ಅಮ್ಮ, ಹಿಂದಕ್ಕೆ ಸರೀಬೇಡಿ, ಪಾಚಿ... ಅತ್ತೇ!!

ಹಿಡ್ಕೊಂಡೆ, ಹಿಡ್ಕೊಂಡೆ. ಏನೂ ಆಗಲಿಲ್ಲ ತಾನೇ?... ಏನು? ಎಲ್ಲಿ?... ಓ, ಆ ಗತ್ತಿನ ಹಕ್ಕಿನಾ. ಹಾಗೇ... ವಾಕಿಂಗ್ ಬಂದಿರಬೇಕು. ಸೀದಾ ನಮ್ಮ ಹತ್ರಾನೇ...

ಯಾಕೆ ಒಂದ್ಸಲ ಅದನ್ನ, ಒಂದ್ಸಲ ನನ್ನನ್ನ ಹಾಗೆ ನೋಡ್ತೀರಿ?

ಬೈದುಬಿಡಿ ಬೇಕಾದ್ರೆ.

...ಸರಿ. ಹೆಸರಿದೆ. ಆದ್ರೆ ಬಹುವಚನದಲ್ಲೇ ಕರೀತೀನಿ! 'ಬನ್ನಿ', 'ತಿನ್ನಿ' ಅಂತ! ಆ ಬಾಯಿಬಡುಕನ್ನ ಬೇಕಾದ್ರೆ ಕೇಳಿ. ಗತ್ತು ನೋಡಿ ಇಟ್ಟಿದ್ದಲ್ಲ... ಹೂಂ, ಗತ್ತು ನೋಡಿಯೇ ಇಟ್ಟಿದ್ದು. ಆದ್ರೆ ಮೊನ್ನೆ ಬಿರುಗಾಳಿ ಬಂತಲ್ಲ, ಎಲ್ಲಾ ಮೊಟ್ಟೆ ಬಿಟ್ಟು ಓಡಿದ್ವು, ನಿಮ್ಮ ಮಗ ಎಲ್ಲರಿಗಿಂತ ಮುಂದೆ! ಇವರೊಬ್ಬರೇ ಕದಲಲಿಲ್ಲ. ಪಾಪುಗೆ ಜ್ವರ ಬಂದಾಗ ನೀವು ಮಡಿಲಲ್ಲಿ ಹಾಕ್ಕೊಂಡು ಕೂತಿದ್ರಲ್ಲ, ಹಾಗೇ. ನನಗೆ ಅಳು ಬಂದುಬಿಡ್ತು. ನಿಮಗೆ ಹೇಳೋಕೆ ಬಾಯೇ ಬರಲಿಲ್ಲ, ಇವರಿಗೆ ಹೇಳಿದೆ. ಪಾಪುನ ನೋಡ್ಕೊಳ್ತೀರಾ ಅಂತ ಕೇಳೋದನ್ನ ಅಭ್ಯಾಸ ಮಾಡಿದ್ದೂ ಇವರ ಮುಂದೇನೇ.

ಕಂಬಿ ಒಳಗೆ ಕೈ ಹಾಕಬೇಡಿ! ಕಚ್ತಾರೆ... ಕಚ್ಚಲಿಲ್ವಾ?! ನನ್ನನ್ನ ಒಂದು ದಿನಾನೂ ಬಿಟ್ಟಿಲ್ಲ! ಓಹೋ, ಇಬ್ಬರೂ ಒಂದಾಗಿಬಿಟ್ರಾ? ಹೀಗೆ ಇಬ್ಬರೂ ಕತ್ತು ಓರೆ ಮಾಡಿ ನೋಡಿದ್ರೆ ನಾನೆಲ್ಲಿಗೆ ಹೋಗಲಿ?...

ಆಂ? ಏನಂದ್ರಿ?... ಬೆಳಗ್ಗೆ ಪಾಪುಗೆ ಹಾಲು ಎಷ್ಟು ಹೊತ್ತಿಗೆ ಕೊಡಬೇಕು ಅಂತಾನಾ?... ಅಯ್ಯೋ, ಅಯ್ಯೋ! ಇರಿ, ಹೇಳ್ತೀನಿ, ಈ ಗಲಾಟೇಲಿ ಒಂದೂ ಕೇಳಿಸ್ತಿಲ್ಲ. ಅತ್ತೆ, ನೀವು ಕಿರುಚಿದ್ದು ಸಾಕು, ಹೋಗಿ ಮೊಟ್ಟೆ ಮೇಲೆ ಕೂತ್ಕೊಳ್ಳಿ!... ನಿಮಗಲ್ಲ, ನಿಮಗಲ್ಲ ಹೇಳಿದ್ದು!