ಎದುರಿಗೆ ಕೂತವಳು

ದೇವದುರ್ಗದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು, ಬಗಲಿಗೆ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಬಂದದ್ದೇ ತಡ, ಶುರುಮಾಡಿದಳು.

"ನಾಗವೇಣಿ, ಸಂಜಿಗೆ ಪುಕ್ಕಟೆ ಓದು ಕಲಿಸ್ತೀಯಂತ ನಮ್ಮ ಯಶೋಧಾನ್ನ ಕಳಿಸಿದ್ರ, ಅಕಿ ಪುಸ್ತಕಾನೇ ಉಲ್ಟಾ ಹಿಡೀತಾಳಲ್ಲವ್ವಾ!"

"ಹಿಡದು ಓದಂಗಿಲ್ಲೇನ್ರಿ, ಗೋಪಮ್ಮಕ್ಕ?"

"ಪಟಪಟ ಓದತಾಳ. ಬಾಯಿಪಾಠ ಮಾಡ್ಯಾಳ, ಓದೂ ಬ್ಯಾಡ ಏನೂ ಬ್ಯಾಡ, ಮನ್ಯಾಗ ತಮ್ಮನ್ನ ಆಡಿಸ್ಲಿ ಅಂತಾನ ಅವರಪ್ಪ."

"ಬಾಯಿಪಾಠ ಅಲ್ರಿ. ನಮ್ಮ ಹತ್ರ ಕತಿ ಪುಸ್ತಕ ಇರೋದೇ ಒಂದು. ನಾ ತೊಡಿ ಮ್ಯಾಲ ಇಟ್ಕೊಂತೀನಿ, ಹುಡುಗ್ರು ಸುತ್ತ ಕುಂದರ್ತಾರ. ನಿಮ್ಮಾಕಿ ದಿನಾ ನನ್ನ ಎದುರಿಗೇ."

"ಎದುರಿಗೆ ಕುಂತ್ರ ಏನಾತು?"

"ಅಕಿಗೆ ಅಕ್ಷರ ಕಾಣೋದೇ ತಲಿಕೆಳಗ. ಹಂಗೇ ಕಲ್ತಾಳ. ಸಾಲಿಯ ಹೊಸಾ ಪುಸ್ತಕ ಕೊಟ್ರೂ ತಿರುಗಿಸಿ ಹಿಡದು ಓದತಾಳ. ನನಗೂ ಮೊನ್ನಿನೇ ಗೊತ್ತಾತ್ರಿ."

"ಯವ್ವಾ! ಅಂದ್ರ ಖರೇನೇ ಓದಾಕತ್ತಾಳ?"

"ಖರೇನೇ."

ಗೋಪಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಮತ್ತ ಈಗೇನು ಮಾಡ್ತಿ?"

"ನಿನ್ನಿಯಿಂದ ಪುಸ್ತಕ ಅಕಿ ತೊಡಿ ಮ್ಯಾಲ, ಎದುರಿಗೆ ನಾನು. ಅಕಿ ಆಗ್ಲೇ ಸೀದಾ ಓದಾಕ ಶುರು ಮಾಡ್ಯಾಳ. ತಡವರಿಸೋದು ನಾನು, ತಿದ್ದೋದು ಅಕಿ."

"ಹಂಗಾದ್ರ ಕಳಿಸ್ತೀನಿ ತಗೋ. ಅಕಿ ಬರಲಿಲ್ಲಂದ್ರ ನಿನಗ ಯಾರು ಕಲಿಸ್ಬೇಕು?"

ಗಬ್ಬೂರಿನ ಬಸ್ಸು ಬಂತು. ಇಬ್ಬರೂ ನಗುತ್ತಲೇ ಹತ್ತಿದರು.

ನಾನು ಕೈಯಲ್ಲಿದ್ದ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ನನ್ನ ಮಾನ್ವಿ ಬಸ್ಸು ಹೋಗಿಬಿಟ್ಟಿತ್ತು.