ದೊಡ್ಡ ಪಾಲು

ಕಿವಿಗೆ ಬಾಗಿಲಿಲ್ಲವಲ್ಲ, ಬೇಕರಿಯಲ್ಲಿ ಬಿಸಿ ಬ್ರೆಡ್ಡಿಗೆ ಕಾದು ಕೂತಿದ್ದ ದರ್ಜಿಗೆ ಪಕ್ಕದ ಮೇಜಿನ ಮಾತೆಲ್ಲ ಕೇಳಿಸುತ್ತಿತ್ತು. ಅರ್ಥಶಾಸ್ತ್ರದ ಪ್ರೊಫೆಸರರ ಶ್ರದ್ಧಾಂಜಲಿ ಸಭೆ ಮುಗಿಸಿ ಬಂದ ಅವರ ಅಕ್ಕನೂ ಶಿಷ್ಯನೂ ಒಂದೇ ಕೇಕು ತರಿಸಿಕೊಂಡಿದ್ದರು.

“ನದಿ ನೀರು ಹಂಚ್ಕೊಳ್ಳೋ ದೇಶಗಳೂ ಈಗ ಸರ್ ಲೆಕ್ಕಾನೇ ಹಿಡಿಯೋದು, ಅಮ್ಮ. ಯಾರಿಗೂ ಇನ್ನೊಬ್ಬರ ಪಾಲಿನ ಮೇಲೆ ಕಣ್ಣು ಬೀಳದ ಹಾಗೆ ಹಂಚೋ ಲೆಕ್ಕ.”

“ಅದು ಹುಟ್ಟಿದ್ದು ನಮ್ಮ ಅಡುಗೆಮನೇಲಿ ಕಣಪ್ಪ. ಒಬ್ಬರು ಕತ್ತರಿಸಿ, ಇನ್ನೊಬ್ಬರು ಮೊದಲು ಆರಿಸ್ಕೊಳ್ಳಿ ಅನ್ನೋಳು ನಮ್ಮಮ್ಮ. ಕತ್ತರಿಸೋಳು ಯಾವಾಗ್ಲೂ ನಾನೇ, ಆರಿಸೋನು ತಮ್ಮ.”

“ಇಬ್ಬರ ಆ ಉಪಾಯ ಎಷ್ಟು ಜನಕ್ಕಾದ್ರೂ ಆಗುತ್ತೆ ಅಂತ ಗಣಿತದಲ್ಲಿ ಸಾಧಿಸಿ ತೋರ್ಸಿದ್ರು. ಆಯಸ್ಸೆಲ್ಲ ಅದಕ್ಕೇ ಸವೆಸಿದ್ರು.”

“ಹೂಂ. ಮದುವೆ ಅಂತೂ ಮಾಡ್ಕೊಳ್ಲಿಲ್ಲ, ನಾನೂ ಅಷ್ಟೇ. ಭಾನುವಾರ ಬಂತು ಅಂದ್ರೆ ಇಬ್ಬರಿಗೂ ಸೇರಿ ಒಂದು ಕೇಕು.”

ಆಕೆ ಕೇಕನ್ನು ಎರಡು ಮಾಡಿದರು. ಒಂದು ಪಾಲು ದೊಡ್ಡದಾಯಿತು.

“ಆರಿಸ್ಕೊ.”

ಶಿಷ್ಯ ಚಿಕ್ಕದನ್ನು ಎತ್ತಿಕೊಂಡ.

“ದೊಡ್ಡದು ತಗೋಬಾರ್ದಿತ್ತೇನಪ್ಪ?”

“ಪರವಾಗಿಲ್ಲಮ್ಮ, ಅದು ನಿಮಗೇ ಇರ್ಲಿ.”

“ಇಷ್ಟು ವರ್ಷದಲ್ಲಿ ಒಂದು ಸಲಾನೂ ಅವನು ನಂಗೆ ದೊಡ್ಡದು ಬಿಟ್ಟವನಲ್ಲ,” ಎಂದು ಆಕೆ ಎದ್ದರು.

ಇಬ್ಬರೂ ಹೋದ ಮೇಲೆ ದರ್ಜಿ ನೋಡಿದ. ದೊಡ್ಡ ಪಾಲು ತಟ್ಟೆಯಲ್ಲೇ ಇತ್ತು.